ಬೇರು ನೋಡುವ ಚಟ

ಕುದಿಯುವ ಅನ್ನದ ಮುಚ್ಚಳ ತೆಗೆದು ನೋಡದಿದ್ದರೆ ಕೆಲವರಿಗೆ ಸಮಾಧಾನವಿರುವುದಿಲ್ಲ. ನಾನು ಆ ಪೈಕಿ. “ಎಳ್ಳು ಬಿತ್ತಿ ಬಂದು ಗಾಣದ ಮುಂದ ಪಾಳಿ ಹಚ್ಚಾಂವ ನೀ” ಎಂದು ನಮ್ಮ ಅವ್ವ ಅನ್ನುತ್ತಿದ್ದಳು. ಅದನ್ನು ಹೊಗಳಿಕೆ ಎಂದೇ ತಿಳಿದು ಬೆಳೆದೆ.

ಶಿಗ್ಗಾವಿಯ ನಮ್ಮ ಹಿತ್ತಲಿನಲ್ಲಿ ಒಂದೇ ಒಂದು ಜವಾರಿ ಟೊಮೆಟೊ ಗಿಡವಿತ್ತು. ಹೆಂಡತಿ ಅಬಲೂರಿನ ತವರಿನಿಂದ ಬೀಜ ತಂದು ಬೆಳೆಸಿದ್ದು. ಅದರ ಹುಳಿ ಚಟ್ನಿ ಇಲ್ಲದಿದ್ದರೆ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯದು. ತವರಿನಲ್ಲೂ ಈಗ ಆ ತಳಿ ಉಳಿದಿಲ್ಲ, ಅಲ್ಲೂ ಅಂಗಡಿಯ ಬೀಜವೇ. ಅಂಥ ಗಿಡದ ಮೇಲೆ ಕರಿಮೂತಿಯ ಮುಶ್ಯಾ ಮಂಗವೊಂದು ತಗಡಿನ ಮಾಡಿನಿಂದ ನೇರವಾಗಿ ಜಿಗಿಯಿತು. ಬುಡವೇ ಮುರಿಯಿತು. ಕಾಯಿಗಳಿನ್ನೂ ಗೋಲಿಯಷ್ಟು, ಬೀಜಕ್ಕೂ ಬಾರದವು.

“ಮುಗೀತ್ರಿ, ಇನ್ನ ತವರಿನ ರುಚಿನೂ ಹೋತು” ಎಂದು ಅವಳು ಕೂತುಬಿಟ್ಟಳು.

“ಚಿಂತಿ ಮಾಡಬ್ಯಾಡ. ಕುಡಿ ಕತ್ತರಿಸಿ ನೀರಾಗ ಇಟ್ರ ಬೇರ ಬಿಡ್ತಾವ” ಎಂದೆ, ಅದೇ ತಾನೇ ಮೊಬೈಲಿನಲ್ಲಿ ನೋಡಿದ್ದನ್ನು ಪೂರ್ವಜನ್ಮದಿಂದ ಬಲ್ಲವನಂತೆ. ಎಲೆಯ ಕಂಕುಳಲ್ಲಿ ಒಡೆದಿದ್ದ ಕುಡಿಗಳನ್ನು ಕತ್ತರಿಸಿ, ಕೆಳಗಿನ ಎಲೆ ಸವರಿ, ಗಾಜಿನ ಲೋಟದಲ್ಲಿ ನಿಲ್ಲಿಸಿದೆ. ಪಕ್ಕದ ಮನೆಯ ಶಾಂತವ್ವನಿಗೂ ಒಂದು ಕೊಟ್ಟೆ, ಜೊತೆಗೆ ಒಂದು ಭಾಷಣ. ಆಕೆ ಭಾಷಣ ಅಲ್ಲೇ ಬಿಟ್ಟು ಕುಡಿಯನ್ನಷ್ಟೇ ಒಯ್ದಳು.

ಲೋಟದಲ್ಲಿ ಬಿಳಿ ಬೇರು ಕಂಡಾಗ ಚಹಾಕ್ಕೆ ಬಂದವರಿಗೆಲ್ಲ ತೋರಿಸಿದೆ. ಕುಂಡದಲ್ಲಿ ನೆಟ್ಟ ಮೇಲೆ ತೋರಿಸುವುದಾದರೂ ಹೇಗೆ? ಕಿತ್ತು ತೋರಿಸಿದೆ. ಹಾಲಿನವ, ಕರೆಂಟಿನ ಮೀಟರ್ ನೋಡಲು ಬಂದವ, ಸವಣೂರಿನ ಬೀಗರು, ಎಲ್ಲರಿಗೂ ಬೇರಿನ ದರ್ಶನವಾಯಿತು. “ಸಾಕ್ರಿ, ಮಣ್ಣಾಗ ಇಡ್ರಿ ಪಾಪ, ಅದಕ್ಕ ಥಂಡಿ ಆದೀತು” ಎಂದು ಬೀಗರು ಅಂದರೂ, ತಿರುಗಿಸಿ ಹಿಂಬದಿಯ ಬೇರನ್ನೂ ತೋರಿಸಿದೆ. ಕುಡಿಗಳು ಒಂದೊಂದಾಗಿ ತಲೆ ಬಾಗಿಸಿದವು. ವಿನಯವೆಂದುಕೊಂಡೆ. ಎಲ್ಲವೂ ಒಣಗಿದ ದಿನ ಹೆಂಡತಿ ಜಗಳವನ್ನೂ ಆಡಲಿಲ್ಲ. ತಾಟಿಗೆ ರೊಟ್ಟಿ ಹಾಕಿ, ಬದಿಗೆ ಬರೀ ಉಪ್ಪು ಇಟ್ಟು ಎದ್ದು ಹೋದಳು.

ಕೊನೆಗೆ ಶಾಂತವ್ವನ ಮನೆಗೆ ಹೋದೆ. ಅರಿವೆ ಒಗೆಯುವ ಕಲ್ಲಿನ ಪಕ್ಕ ಆಕೆ ಚುಚ್ಚಿ ಮರೆತಿದ್ದ ಕುಡಿ ಮೊಣಕಾಲೆತ್ತರ ಬೆಳೆದು ಹೂ ಬಿಟ್ಟಿತ್ತು.

“ಒಂದು ಕುಡಿ ಬೇಕಾಗಿತ್ತವಾ” ಎಂದೆ.

“ಒಂದ್ಯಾಕ್ರಿ, ನಾಲ್ಕು ಕೊಡ್ತೇನಿ. ಆದ್ರ ನಿಮ್ಮ ಮನಿಯಾಗಿನ ಅಕ್ಕಾರನ್ನ ಕಳಸ್ರಿ. ನಿಮ್ಮ ಕೈಯಾಗ ಕೊಡಂಗಿಲ್ಲ.”

ಅಕ್ಕಾರು ಹೋಗಿ ತಂದರು, ಅಕ್ಕಾರೇ ನೆಟ್ಟರು. ಈಗ ಹೊಸ ಎಲೆ ಬಂದಿವೆ. ಹೆಂಡತಿ ನನ್ನೊಡನೆ ಮತ್ತೆ ಮಾತಾಡುತ್ತಿದ್ದಾಳೆ, ಮುಖ್ಯವಾಗಿ “ದೂರ ನಿಂದರ್ರಿ” ಎಂದು. ಕುಡಿ ಬೇರು ಬಿಡುವ ಬಗೆಯನ್ನು ಬಂದವರಿಗೆ ಈಗಲೂ ನಾನೇ ವಿವರಿಸುತ್ತೇನೆ, ಹಿತ್ತಲ ಬಾಗಿಲಿನ ಈಚೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.