ಹೊಲಿಗೆ ಇಲ್ಲದ ಆಪರೇಷನ್ನು

ಏನಾದರೂ ಮಾಡಿದರೋ, ಇಲ್ಲ ಸುಮ್ಮನೆ ಮಲಗಿಸಿ ಎಬ್ಬಿಸಿ ಕಳಿಸಿದರೋ?

ಹಲ್ಲುಜ್ಜುತ್ತ ನಿಂತಿದ್ದ ನಿಂಗರಾಜುವಿಗೆ ಮತ್ತೆ ಅದೇ ಅನುಮಾನ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವನ ಮುಖದ ಅಚ್ಚಿಗೆ ಸರಿಯಾಗಿ ಒಂದು ಜಾಲರಿ ಮುಖವಾಡ ಮಾಡಿ, ಅದನ್ನು ಹಾಕಿ ಮಂಚಕ್ಕೆ ಬಿಗಿದು, ಎಲ್ಲರೂ ಆಚೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ರೋಬೋಟಿನ ಉದ್ದನೆಯ ತೋಳು ಕತ್ತರಿ ಮರೆತು ಬಂದ ಕ್ಷೌರಿಕನ ಹಾಗೆ ತಲೆಯ ಸುತ್ತ ಸುಳಿದಿತ್ತು. ಮುಕ್ಕಾಲು ಗಂಟೆ. ಮೂರು ದಿನ ಹೀಗೇ. ಕತ್ತಿಯಿಲ್ಲ, ರಕ್ತವಿಲ್ಲ, ನೋವಂತೂ ಇಲ್ಲವೇ ಇಲ್ಲ. “ಕಿವಿಯ ನರದ ಗೆಡ್ಡೆ ಮೇಲೆ ಕಿರಣ ಬಿಟ್ಟಿದೀವಿ. ಇನ್ನು ಬೆಳೆಯಬಾರದು. ಆರು ತಿಂಗಳು ಬಿಟ್ಟು ಸ್ಕ್ಯಾನಿಗೆ ಬನ್ನಿ” ಎಂದಿದ್ದರು ಡಾಕ್ಟರು. ಆ ಗೆಡ್ಡೆಯಿಂದ ಕಿವಿಯೊಳಗೆ ಹೊಕ್ಕಿದ್ದ ಜೀರುಂಡೆಯ ಸದ್ದು ಮಾತ್ರ ಇನ್ನೂ ನಿಂತಿರಲಿಲ್ಲ.

ದೇವಲಾಪುರದ ಪಕ್ಕದ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ನಿಂಗರಾಜು ಟೆಸ್ಟರು. ಯಾರ ಹಾಲಿನಲ್ಲಿ ಎಷ್ಟು ಫ್ಯಾಟು ಎಂದು ಮಿಷಿನ್ನಿಗೆ ಹಿಡಿದು ಹೇಳುವ ಕೆಲಸ. ಕಮ್ಮಿ ಬಂತೆಂದು ಜಗಳಕ್ಕೆ ಬಂದವರಿಗೆಲ್ಲ ಹದಿನೆಂಟು ವರ್ಷದಿಂದ ಅವನದು ಒಂದೇ ಉತ್ತರ: “ಮಿಷಿನ್ನು ಸುಳ್ಳು ಹೇಳಲ್ಲ.” ತಲೆ ಆಪರೇಷನ್ನೆಂದು ಇಪ್ಪತ್ತು ದಿನದ ರಜೆ ಬರೆದುಕೊಟ್ಟು ಹೋದವನು ಐದನೇ ದಿನಕ್ಕೇ ಬಸ್ಸಿಳಿದು ನೆಟ್ಟಗೆ ನಡೆದು ಬಂದದ್ದು ಈಗ ತಪ್ಪಾಗಿತ್ತು.

ಮೊದಲು ಬಂದವಳು ಎದುರುಮನೆಯ ಕುಳ್ಳಮ್ಮ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಆ ಊರಿನಲ್ಲಿ ಆಪರೇಷನ್ನು ಆದವರನ್ನು ನೋಡಲು ಹೋಗುವುದೆಂದರೆ ಹೊಲಿಗೆ ಎಣಿಸಲು ಹೋಗುವುದು. ಡೈರಿ ಅಧ್ಯಕ್ಷ ಕೆಂಪಣ್ಣ ತನ್ನ ಹೊಟ್ಟೆಯ ಹದಿನಾಲ್ಕು ಹೊಲಿಗೆಯನ್ನು ಮದುವೆಮನೆಯಲ್ಲೂ ಅಂಗಿ ಎತ್ತಿ ತೋರಿಸಿದವನು.

“ಎಷ್ಟಾಕವ್ರೆ ಮಗ ಹೊಲಿಗೆಯ?”

“ಒಂದೂ ಇಲ್ಲ ಕಣವ್ವ. ಕುಯ್ಯೋದೇ ಇಲ್ಲ. ಕಿರಣ ಬುಡ್ತಾರೆ, ಅಷ್ಟೇಯ.”

ಕುಳ್ಳಮ್ಮ ಹೇನು ಹುಡುಕುವಂತೆ ಅವನ ಕೂದಲು ಬಗೆದು ನೋಡಿದಳು. “ಕಿವಿ ಚುಚ್ಸಿದ್ರೂ ಒಂದು ತೂತಾರ ಇರ್ತದಪ್ಪ” ಎಂದವಳೇ ಬ್ರೆಡ್ಡನ್ನು ಸೆರಗಿನಡಿ ಮುಚ್ಚಿಕೊಂಡು ವಾಪಸು ಹೊರಟಳು.

ಅವಳು ಬೀದಿ ದಾಟುವಷ್ಟರಲ್ಲಿ ಸುದ್ದಿ ಡೈರಿ ಮುಟ್ಟಿತ್ತು. ಕೆಂಪಣ್ಣ ಬೈಕಿನಲ್ಲಿ ಬಂದ.

“ಏನ್ಲಾ ನಿಂಗ, ಆಪರೇಸನ್ ಅಂದ್ಬುಟ್ಟು ಬೆಂಗ್ಳೂರು ಸುತ್ಕಂಡು ಬಂದಿದ್ದೀಯಂತೆ?”

ನಿಂಗರಾಜು ಆಸ್ಪತ್ರೆಯ ಫೈಲು ತೋರಿಸಿದ. “ಇಂಗ್ಲೀಸಲ್ಲಿ ಯಾರ್ ಬೇಕಾರು ಬರ್ಕೊಡ್ತಾರೆ” ಎಂದ ಕೆಂಪಣ್ಣ. ನಿಂಗರಾಜು ಒಳಗೆ ಓಡಿ ಮುಖವಾಡವನ್ನೇ ತಂದ.

“ನೋಡಣ್ಣ, ಇದ್ನ ಮೊಕಕ್ಕಾಕಿ ಬಿಗೀತಾರೆ. ಮಿಷಿನ್ನು ಸುತ್ತ ಬತ್ತದೆ.”

ಕೆಂಪಣ್ಣ ಅದನ್ನು ಬಿಸಿಲಿಗೆ ಹಿಡಿದು ನೋಡಿದ. “ಹಾಲು ಸೋಸೋ ಜಾಲ್ರಿ ತಂದು ಡೈರಿ ಅಧ್ಯಕ್ಷನ್ಗೇ ತೋರುಸ್ತೀಯಲ್ಲೋ. ಯಾವ ಮಿಷಿನ್ನು? ನಿನ್ ಫ್ಯಾಟ್ ಮಿಷಿನ್ನಂತದ್ದಾ?”

ಕಾಂಪೌಂಡಿನ ಆಚೆ ನಾಲ್ಕು ಜನ ನಕ್ಕರು.

“ಸಂಜೆ ಹಾಲು ಹಾಕುಸ್ಕಂಡ ಮೇಲೆ ಮೀಟಿಂಗು. ಸುಳ್ಳು ರಜ ಹಾಕ್ದೋನ್ಗೆ ಡೈರೀಲಿ ಕೆಲ್ಸ ಇಲ್ಲ. ನಮ್ಮಕ್ಕನ ಮಗ ಅಶೋಕ ಟೆಸ್ಟಿಂಗ್ ಕಲ್ತವ್ನೆ, ಗ್ಯಾನ ಇರ್ಲಿ.”

ಬೈಕಿನ ಹೊಗೆ ಕರಗುತ್ತಲೇ ಹೆಂಡತಿ ಪ್ರಮೀಳಾ ಬಾಗಿಲಿಗೆ ಬಂದಳು. “ನಿಜ ಹೇಳಿ ಕೆಲ್ಸ ಕಳ್ಕಬ್ಯಾಡಿ. ದೇವಲಾಪುರ್ಕೋಗಿ ದೇವಯ್ಯನ ತಾವ ಒಂದು ಬ್ಯಾಂಡೇಜು ಕಟ್ಟುಸ್ಕಂಡು ಬನ್ನಿ.”

“ಗಾಯ್ವೇ ಇಲ್ವಲ್ಲೇ.”

“ಗಾಯ ಯಾರು ನೋಡ್ತಾರೆ, ಬಟ್ಟೆ ನೋಡ್ತಾರೆ.”

ದೇವಯ್ಯ ನಿವೃತ್ತ ಕಂಪೌಂಡರು. ಬ್ಯಾಂಡೇಜು ಕಟ್ಟಿ ವರ್ಷಗಳಾಗಿ ಅವನ ಕೈ ತುರಿಸುತ್ತಿತ್ತು. “ಸಣ್ಣದ್ ಕಟ್ಟಿದ್ರೆ ನಂಬಲ್ಲ ಕಣ್ಲಾ” ಎಂದು ಎಡಗಡೆಯ ಅರ್ಧ ತಲೆ ನುಣ್ಣಗೆ ಬೋಳಿಸಿದ. ಟಿಂಚರು ಬಳಿದ. ಒಂದು ಸುರುಳಿ ಮುಗಿದು ಇನ್ನೊಂದು ಬಿಚ್ಚಿದ. ನಿಂಗರಾಜು “ಸಾಕು ದೇವಯ್ಯಣ್ಣ” ಎನ್ನಲು ಹೋದಾಗ ಬಟ್ಟೆ ಗದ್ದದ ಕೆಳಗಿಂದ ಎರಡು ಸುತ್ತು ಬಂದು ಬಾಯಿ ಮುಚ್ಚಿಹೋಯಿತು. ಕನ್ನಡಿಯಲ್ಲಿ ಕಂಡದ್ದು ಹೊಲದ ಗೂಟದ ಮೇಲಿಡುವ ಸುಣ್ಣದ ಗಡಿಗೆ, ಎರಡು ಕಣ್ಣಿನ ಸಮೇತ.

ವಾಪಸು ಬರುವಾಗ ಆಟೋದವನು ಹಳ್ಳ ಕಂಡಲ್ಲೆಲ್ಲ ಇಳಿದು, ತಳ್ಳಿಕೊಂಡು ದಾಟಿಸಿದ. ಮನೆ ಮುಂದೆ ಕುಳ್ಳಮ್ಮ ಕಾಯುತ್ತಿದ್ದಳು. ಕೈಯಲ್ಲಿ ಅದೇ ಬ್ರೆಡ್ಡು, ಜೊತೆಗೆ ಎರಡು ಎಳನೀರು.

“ಬೆಳಗ್ಗೆ ಯಾಕ್ಲಾ ಬಿಚ್ಕಂಡು ಕೂತಿದ್ದೆ, ಗಾಳಿ ಹೊಕ್ಕಂಡ್ರೆ ಏನ್ಗತಿ” ಎಂದು ಗದರಿದಳು.

ಸಂಜೆ ಡೈರಿಯಲ್ಲಿ ಕ್ಯಾನುಗಳ ಸದ್ದು ನಿಂತಿತು. ಒಳಗೆ ಬಂದ ನಿಂಗರಾಜುವನ್ನು ನೋಡಿ ಕೆಂಪಣ್ಣನೇ ಎದ್ದು ಕುರ್ಚಿ ಬಿಟ್ಟುಕೊಟ್ಟ.

“ಎಷ್ಟು ಹೊಲಿಗೆ ಕಣ್ಲಾ?”

ನಿಂಗರಾಜು ಆ ಮಾತು ಬೇಡ ಎಂದು ಎರಡೂ ಅಂಗೈ ಮೂರು ಸಲ ಆಡಿಸಿದ.

“ಹತ್ತು, ಇಪ್ಪತ್ತು, ಮೂವತ್ತು” ಎಂದು ಎಣಿಸಿದ ಕೆಂಪಣ್ಣನ ದನಿ ಇಳಿಯಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. “ನಂದು ಏನೂ ಅಲ್ಲ ಬುಡು. ತಪ್ಪಾಯ್ತು ಕಣ್ಲಾ ನಿಂಗ.”

ನಿಂಗರಾಜುವಿನ ಎದೆ ಹಗುರಾಯಿತು. ಕೆಲಸ ಉಳಿಯಿತು ಎಂದುಕೊಂಡ.

ಕೆಂಪಣ್ಣ ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿದ. “ನೋಡ್ರಪ್ಪ, ತಲೆ ಬುರುಡೇನೇ ಬಿಚ್ಚಿ ಹೊಲ್ದವ್ರೆ. ಇಂಥೋನ ಕೈಲಿ ಇನ್ನೂ ದುಡಿಸಿದ್ರೆ ದೇವ್ರು ಮೆಚ್ಚಕಿಲ್ಲ. ಮನೇಲಿ ರೆಸ್ಟ್ ಮಾಡ್ಲಿ. ನಾಳೆಯಿಂದ ಅಶೋಕ ನೋಡ್ಕತಾನೆ.”

“ಅಂಗನ್ನಿ ಮತ್ತೆ” ಎಂದಳು ಹಿಂದಿನಿಂದ ಕುಳ್ಳಮ್ಮ. “ಇಷ್ಟು ವರ್ಸ ನಮ್ಮೆಮ್ಮೆ ಹಾಲ್ಗೆ ಫ್ಯಾಟು ಕಮ್ಮಿ ಅಂತಿದ್ದದ್ದು ಮಿಷಿನ್ನಲ್ಲ ಕಣ್ರಪ್ಪ, ಆ ಗೆಡ್ಡೆ.”

ಇದಕ್ಕೆ ಇಡೀ ಊರು ಚಪ್ಪಾಳೆ ತಟ್ಟಿತು.

ನಿಂಗರಾಜುವಿನ ಕೈ ಬ್ಯಾಂಡೇಜಿನ ಗಂಟಿಗೆ ಹೋಯಿತು. ಬಿಚ್ಚಿದರೆ ಒಳಗಿರುವುದು ಗೀರೂ ಇಲ್ಲದ ಅರ್ಧ ಬೋಳು ತಲೆ. ಬೆಳಗ್ಗೆ ಕೆಂಪಣ್ಣ ಆಡಿದ್ದೇ ನಿಜವಾಗುತ್ತದೆ. ಕೈ ಕೆಳಗಿಳಿಯಿತು. ಅಶೋಕ ಒಂದು ಲೋಟ ಬಿಸಿ ಹಾಲು ತಂದುಕೊಟ್ಟು, “ಫ್ಯಾಟು ಚೆಂದಾಗೈತೆ, ಕುಡಿ ಮಾವ” ಎಂದ. ಬಾಯಿ ತೆರೆಯದು. ಕುಳ್ಳಮ್ಮ ಎಳನೀರಿನ ಸ್ಟ್ರಾ ಸಿಕ್ಕಿಸಿಕೊಟ್ಟಳು.

ಮನೆಯಲ್ಲಿ ಪ್ರಮೀಳಾ ಬ್ಯಾಂಡೇಜು ಬಿಚ್ಚುತ್ತ ಕೇಳಿದಳು: “ಅಲ್ಲಾ, ನಿಮ್ಗಾರ ಗೊತ್ತಲ್ಲ, ಆ ಮಿಷಿನ್ನು ನಿಜವಾಗ್ಲೂ ಏನಾರ ಮಾಡ್ತಾ?”

“ಮಿಷಿನ್ನು ಸುಳ್ಳು ಹೇಳಲ್ಲ ಕಣೆ” ಎಂದ ನಿಂಗರಾಜು.

ಬೆಳಗ್ಗೆ ತಾನೂ ಅದನ್ನು ನಂಬಿರಲಿಲ್ಲ ಎಂದು ಅವನು ಅವಳಿಗೂ ಹೇಳಲಿಲ್ಲ.