ಹೊಳ್ಳಿ ನೋಡಬಾರದ ಪರೀಕ್ಷೆ

ನಮ್ಮ ಚಿಗವ್ವ ಇಡೀ ಜನ್ಮದಲ್ಲಿ ಶಾಲೆಯೊಳಗೆ ಕುಳಿತದ್ದು ಬರೀ ಅರ್ಧ ತಾಸು. ಆದರೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವಳ ಕೈಯಲ್ಲಿ ಪಾಸಾಗದೆ ಒಂದು ಮಗುವೂ ಎಲ್‌ಕೆಜಿಗೆ ಹೋದದ್ದಿಲ್ಲ! ಮಗು ಪಾಸಾದರೆ ಸಾಕೇ? ಸಾಲದು. ಅವ್ವ ಪಾಸಾಗಬೇಕು, ಅಪ್ಪ ಪಾಸಾಗಬೇಕು, ಟಿಫಿನ್ ಡಬ್ಬಿ ಪಾಸಾಗಬೇಕು, ಕೊನೆಗೆ ಆ ಶಾಲೆಯೂ ಪಾಸಾಗಬೇಕು. ಇಷ್ಟೆಲ್ಲ ಪರೀಕ್ಷೆ ಮಾಡಲು ನಿನಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ. ಯಾಕೆಂದರೆ ಅವಳ ಕೈಯಲ್ಲಿ ಮೂರು ಸಲ ಫೇಲಾದ ಅಪ್ಪ ನಾನೊಬ್ಬನೇ.

ಚಿಗವ್ವ ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಮಕ್ಕಳಿರಲಿಲ್ಲ. ಕಾಕ ಬಸ್ ಕಂಡಕ್ಟರ್ ಆಗಿದ್ದ. ಅವನು ತೀರಿಕೊಂಡಾಗ ಅವಳಿಗೆ ಉಳಿದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಮನೆ, ಮನೆಯ ಮುಂದಿನ ಕಲ್ಲುಕಟ್ಟೆ ಮತ್ತು ಕಾಕನ ಸೀಟಿ. ಯುಗಾದಿ ಮುಗಿದು ಬಿಸಿಲು ಏರಿತೆಂದರೆ ಕಟ್ಟೆಯ ಮೇಲೆ ಅವಳ ತಯಾರಿ ಶುರು. ಜೂನಿನಲ್ಲಿ ಶಾಲೆ ಸೇರಬೇಕಾದ ನಾಲ್ಕಾರು ಮಕ್ಕಳು ಬೆಳಿಗ್ಗೆ ಎಂಟಕ್ಕೆ ಬಂದು ಸಾಲಾಗಿ ಕೂರಬೇಕು. ಚಿಗವ್ವ ಸೀಟಿ ಊದಿದರೆ ಡಬ್ಬಿ ತೆಗೆಯಬೇಕು, ಮತ್ತೆ ಊದಿದರೆ ಮುಚ್ಚಬೇಕು. ಚಡ್ಡಿ ಇಳಿಸುವುದು, ಏರಿಸುವುದು, ಚಪ್ಪಲಿಯ ಎಡ ಬಲ ಗುರುತಿಸುವುದು, ಮೂಗು ಸೋರಿದರೆ ಅಂಗಿಯ ತೋಳು ಬಿಟ್ಟು ಕರ್ಚೀಫು ಹುಡುಕುವುದು. ಅಕ್ಷರದ ಸುದ್ದಿಯೇ ಇಲ್ಲ!

"ಚಿಗವ್ವಾ, ಎಬಿಸಿಡಿನೂ ಒಂದೀಟು ಹೇಳಿಕೊಡು" ಎಂದು ನಾನೊಮ್ಮೆ ಅಂದಿದ್ದೆ.

"ಅದನ್ನ ಕಲಿಸಾಕ ಮಿಸ್‌ಗುಳಿಗೆ ಪಗಾರ ಕೊಡ್ತಾರ. ಚಡ್ಡಿ ಏರಸಾದು ಯಾರು ಕಲಸ್ತಾರ, ನೀ ಹೋಗ್ತಿಯೇನು ದಿನಾ?"



ಡಬ್ಬಿಯ ವಿಷಯದಲ್ಲಂತೂ ಅವಳು ಬಲು ಬಿಗಿ. ಪಕ್ಕದ ಮನೆಯ ಶಾಂತಕ್ಕ ಮಗನಿಗೆಂದು ಹೊಸಪೇಟೆಯಿಂದ ಒಂದು ಡಬ್ಬಿ ತರಿಸಿದ್ದಳು. ನಾಲ್ಕೂ ಕಡೆ ಕ್ಲಿಪ್ಪು, ಒಳಗೆ ಮೂರು ಖಾನೆ, ಮೇಲೆ ಕಾರಿನ ಚಿತ್ರ. ಓಣಿಗೆ ಓಣಿಯೇ ಬಂದು ನೋಡಿತು. ಚಿಗವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹುಡುಗನ ಕೈಗೆ ಕೊಡುವ ಬದಲು ಹುಡುಗನ ಅಪ್ಪನ ಕೈಗೆ ಕೊಟ್ಟಳು. "ತೆಗಿಯಪಾ ನೋಡಾಣ." ಆತ ಲಾರಿ ಡ್ರೈವರ್. ತುಂಬಿದ ಲಾರಿಯನ್ನು ಹರಪನಹಳ್ಳಿ ದಾಟಿಸಿ ದಾವಣಗೆರೆಗೆ ಒಯ್ದು ಬರುವವನು. ಒತ್ತಿದ, ಎಳೆದ, ಹಲ್ಲು ಕಚ್ಚಿದ. ಮೂರು ಕ್ಲಿಪ್ಪು ಬಿಚ್ಚಿದವು, ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ!

"ಶಾಂತವ್ವಾ, ನಿನ್ನ ಗಂಡನೂ ಇನ್ನೊಂದು ವರ್ಷ ಮನ್ಯಾಗ ಇರಲಿ ಬಿಡು. ಇನ್ನೂ ಸಾಲಿಗೆ ಹೋಗೋವಷ್ಟು ದೊಡ್ಡಾವ ಆಗಿಲ್ಲ" ಎಂದಳು ಚಿಗವ್ವ. ಆ ಡಬ್ಬಿಯಲ್ಲಿ ಈಗ ಶಾಂತಕ್ಕನ ಸೂಜಿ ದಾರ ಇವೆ. ಹುಡುಗ ಸಾದಾ ಸ್ಟೀಲ್ ಡಬ್ಬಿಯಲ್ಲಿ ಉಂಡು ಒಂದನೇ ಇಯತ್ತೆ ಮುಟ್ಟಿದ್ದಾನೆ.

ಇನ್ನು ಆ ಸೀಟಿ! ಕಂಡಕ್ಟರ್ ಸೀಟಿಯ ಶಬ್ದ ಹೇಗಿರುತ್ತದೆ, ನಿಮಗೇ ಗೊತ್ತು. ಒಂದು ಬೆಳಿಗ್ಗೆ ಮಕ್ಕಳು ಗದ್ದಲ ಮಾಡಿದರೆಂದು ಚಿಗವ್ವ ಸಿಟ್ಟಿನಿಂದ ಎರಡು ಸಲ ಊದಿದಳು. ಕಾಂಪೌಂಡಿನ ಆಚೆ ಹಡಗಲಿ ಬಸ್ಸು ನಿಂತಿತ್ತು. ಎರಡು ಸೀಟಿ ಎಂದರೆ ಹೊರಡು ಎಂದಲ್ಲವೇ? ಡ್ರೈವರ್ ಹೊರಟೇಬಿಟ್ಟ. ಚಹಾ ಕುಡಿಯುತ್ತಿದ್ದ ಕಂಡಕ್ಟರ್ ಗ್ಲಾಸು ಹಿಡಿದುಕೊಂಡೇ ಬೆನ್ನು ಹತ್ತಿ ಓಡಿದ. ಬಸ್ಸು ನಿಲ್ಲಿಸಿ, ಕೆಂಡಾಮಂಡಲವಾಗಿ ಕಟ್ಟೆಯ ಹತ್ತಿರ ಬಂದು ಕೇಳಿದ, "ಯಾರವ್ವಾ ಸೀಟಿ ಊದಿದ್ದು?"

"ನಾನಪಾ. ಈ ಹುಡುಗ್ರು ಸೀಟಿಗೆ ಕಿವಿ ಕೊಡವಲ್ವು, ನಿನ್ನ ಬಸ್ಸು ನೋಡು, ಒಂದ ಸಲಕ್ಕ ಪಾಸು!"

ಕಂಡಕ್ಟರ್ ನಗಬೇಕೋ ಬೈಯಬೇಕೋ ತಿಳಿಯದೆ, ಮುಷ್ಟಿ ತುಂಬ ಮಂಡಕ್ಕಿ ಬೆಲ್ಲ ಇಸಿದುಕೊಂಡು ಹೋದ. ಅದು ಅವಳ ಪದ್ಧತಿ. ಯಾರೇ ಪಾಸಾದರೂ ಒಂದು ಮುಷ್ಟಿ ಮಂಡಕ್ಕಿ ಬೆಲ್ಲ. ಮುಷ್ಟಿ ಅವಳದು, ಅದರ ಗಾತ್ರವೂ ಅವಳ ಮನಸ್ಸಿನಂತೆ.

ನನ್ನ ಮಗಳು ಗೌರಿಯನ್ನು ಶಾಲೆಗೆ ಹೆಸರು ಹಚ್ಚಲು ಕರೆದೊಯ್ದ ದಿನ ಚಿಗವ್ವ ಇಳಕಲ್ ಸೀರೆ ಉಟ್ಟು ನಮಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದಳು. ಹೆಡ್ ಮಿಸ್ ಗೌರಿಗೆ "ನಿನ್ನ ಹೆಸರೇನು ಪುಟ್ಟಿ?" ಎಂದು ಕೇಳುವಷ್ಟರಲ್ಲಿ ಚಿಗವ್ವ, "ತಡೀರಿ, ಮೊದ್ಲು ಬಚ್ಚಲ ತೋರ್ಸ್ರಿ" ಎಂದಳು.

"ಅಜ್ಜಿ, ಈಗ ಮಗುವಿನ ಇಂಟರ್‌ವ್ಯೂ ಇದೆ."

"ಆಗಲ್ರಿ. ನಿಮ್ಮದು ಮುಗೀಲಿ ಮೊದ್ಲು, ಆಮ್ಯಾಲ ಕೂಸಿಂದು."

ನಾನು ಗೋಡೆಯ ನಕಾಶೆಯಲ್ಲಿ ರಾಜಸ್ಥಾನ ಹುಡುಕುತ್ತಿರುವವನಂತೆ ನಿಂತುಬಿಟ್ಟೆ. ಹೆಡ್ ಮಿಸ್ ಪಾಪ, ಒಳ್ಳೆಯ ಹೆಣ್ಣುಮಗಳು, ಕರೆದುಕೊಂಡು ಹೋಗಿ ತೋರಿಸಿದರು. ಚಿಗವ್ವ ಗೌರಿಯನ್ನು ನಳದ ಮುಂದೆ ನಿಲ್ಲಿಸಿ ಕೈ ಚಾಚಿಸಿದಳು. ಗೇಣು ಕಡಿಮೆ ಬಿತ್ತು. "ನೋಡ್ರಿ, ಇದು ನಿಮ್ಮ ಕೈಗೆ ಮಾಡಿಸಿದ ನಳ, ಕೂಸಿನ ಕೈಗಲ್ಲ" ಎಂದಳು. ಮರುವಾರ ನಳದ ಕೆಳಗೆ ಒಂದು ಮೆಟ್ಟಿಲು ಕಟ್ಟಿಸಿದ್ದರು. ಚಿಗವ್ವ ಅದನ್ನು ಹೋಗಿ ನೋಡಿ ಬಂದಳು. ಶಾಲೆ ಪಾಸು. ಹೆಡ್ ಮಿಸ್‌ಗೂ ಒಂದು ಮುಷ್ಟಿ!

ಈಗ ನನ್ನ ಫೇಲಿನ ಕಥೆ. ಚಿಗವ್ವನ ಕೊನೆಯ ಪರೀಕ್ಷೆ ಅಪ್ಪ ಅವ್ವಂದಿರಿಗೆ. ಮಗುವನ್ನು ಕಟ್ಟೆಯ ಮೇಲೆ ಕೂರಿಸಿ, "ಮಧ್ಯಾಹ್ನ ಬರ್ತೀನಿ" ಎಂದು ಒಂದೇ ಮಾತು ಹೇಳಿ, ಓಣಿಯ ಕೊನೆಯ ಹಿಟ್ಟಿನ ಗಿರಣಿಯ ತನಕ ನಡೆಯಬೇಕು. ಹೊಳ್ಳಿ ನೋಡಬಾರದು, ಅಂದರೆ ಹಿಂದಕ್ಕೆ ತಿರುಗಿ ನೋಡಬಾರದು. ಅಷ್ಟೇ! ನನ್ನ ಹೆಂಡತಿ ಮೊದಲನೆಯ ಸಲಕ್ಕೇ ಪಾಸಾದಳು. ಹಾಗೇ ಸಂತೆಗೆ ಹೋಗಿ ಬದನೆಕಾಯಿಯನ್ನೂ ತಂದಳು.

ನಾನು ಮೊದಲ ಸಲ ಐದು ಹೆಜ್ಜೆಗೇ ತಿರುಗಿದೆ. ಫೇಲು.

ಎರಡನೆಯ ಸಲ ಕತ್ತು ಬಿಗಿ ಹಿಡಿದು ನಡೆದೆ. ದರ್ಜಿ ಅಂಗಡಿಯ ಮುಂದೆ ಯಾರದೋ ಬೈಕು ನಿಂತಿತ್ತು. ಅದರ ಕನ್ನಡಿಯಲ್ಲಿ ಕಟ್ಟೆ ಚೆನ್ನಾಗಿ ಕಾಣುತ್ತಿತ್ತು. ಬಗ್ಗಿ ಮೀಸೆ ತಿದ್ದಿಕೊಂಡಂತೆ ಮಾಡಿದೆ. ಹಿಂದಿನಿಂದ ಸೀಟಿ ಕೂಗಿತು! "ಕನ್ನಡ್ಯಾಗ ನೋಡಿದ್ದೂ ನೋಡಿದ್ದ ಲೇ!"

ಮೂರನೆಯ ಸಲ ಮೊಬೈಲ್ ತೆಗೆದು ಸೆಲ್ಫಿ ಕ್ಯಾಮೆರಾ ಹಾಕಿಕೊಂಡು ಫೋನಿನಲ್ಲಿ ಮಾತಾಡುವವನಂತೆ ನಡೆದೆ. ಚಿಗವ್ವನಿಗೆ ಇದೆಲ್ಲಿ ಗೊತ್ತಾಗಬೇಕು? ಗೊತ್ತಾಯಿತು. "ಫೋನು ಕಿವಿಗೆ ಹಿಡೀತಾರ ಮಾರಾಯ, ಮಾರಿ ಮುಂದ ಅಲ್ಲ!" ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಗೌರಿಯೂ ನಕ್ಕಳು.

ನನಗೆ ನಿಜವಾಗಿಯೂ ಸಿಟ್ಟು ಬಂತು. "ಹೊಳ್ಳಿ ನೋಡಿದ್ರ ಏನ್ ಗಂಟು ಹೋಗ್ತೈತಿ ಚಿಗವ್ವಾ? ನನ್ನ ಮಗಳು, ನಾ ನೋಡ್ತೀನಿ."

ಅವಳು ಸೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಪಕ್ಕದಲ್ಲಿ ಕೂರು ಎಂದು ಕಟ್ಟೆ ತಟ್ಟಿದಳು.

"ಹಂಪಸಾಗರದಾಗ ನಮ್ಮವ್ವ ನನ್ನ ಸಾಲಿಗೆ ಬಿಟ್ಟಿದ್ಲು. ಹೊಸಾ ಪಾಟಿ ಕೊಡಿಸಿದ್ಲು. ಬಾಜೂಕಿನ ಹುಡುಗಿ ಬಳಪ ಕೊಟ್ಲು, ನಾ ಗೀಚಿಕೊಂತ ಕುಂತಿದ್ದೆ. ಅತ್ತಿದ್ದಿಲ್ಲಪಾ ನಾನು, ಆಣಿ ಮಾಡಿ ಹೇಳ್ತೀನಿ. ಅರ್ಧ ತಾಸು ಬಾಗಲದಾಗ ನಿಂತಿದ್ದಾಕಿ, ಹೊಂಟಾಕಿ ಹೊಳ್ಳಿ ನೋಡಿದ್ಲು. ಆಕಿ ಕಣ್ಣಾಗ ನೀರು ಕಂಡೆ. ಅವ್ವ ಅಳಾಕಹತ್ಯಾಳಂದ್ರ ಇಲ್ಲಿ ಏನೋ ಕೆಟ್ಟದ್ದು ಐತಿ ಅನಿಸ್ತು. ಚಿಟ್ಟನೆ ಚೀರಿದೆ. ಆಕಿ ಓಡಿ ಬಂದು ಎತ್ಕಂಡು, ನಾಳಿ ಕಳಿಸಿದ್ರಾತು ತಗೋ ಅಂದ್ಲು."

"ಮತ್ತ?"

"ಮತ್ತೇನು, ತಮ್ಮ ಹುಟ್ಟಿದ, ತೊಟ್ಲ ತೂಗಾಕ ಹತ್ತಿದೆ. ಆ ನಾಳಿ ಬರಲೇ ಇಲ್ಲ ನೋಡು." ಅವಳು ನಕ್ಕಳು. "ನಮ್ಮವ್ವಂದು ತಪ್ಪಿಲ್ಲ. ಆಕೀಗೆ ಯಾರೂ ಕಲಿಸಿದ್ದಿಲ್ಲ."

ಅವಳು ಎದ್ದು ಸೀರೆ ಕೊಡವಿಕೊಂಡು, "ಸೋಮವಾರ ಬಾ. ನಾಕನೇ ಸಲ. ಪಾಸ್ ಮಾಡಿಸದ ಬಿಡಂಗಿಲ್ಲ ನಿನ್ನ" ಎಂದಳು.

ಭಾನುವಾರ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ.

ಮಣ್ಣು ಕೊಟ್ಟು ಬರುವಾಗ ಹಿರಿಯರು ನನ್ನ ಬೆನ್ನ ಮೇಲೆ ಕೈಯಿಟ್ಟು, "ಹಂಗ ನಡಿಯಪಾ, ಹೊಳ್ಳಿ ನೋಡಬಾರದು" ಎಂದರು. ನಾನು ನೋಡಿದೆ. ಅಲ್ಲಿಗೆ ನಾಲ್ಕನೆಯ ಸಲವೂ ಫೇಲು.

ಜೂನ್ ಬಂತು. ಗೌರಿ ಚೀಲ ಹಾಕಿಕೊಂಡು, ಎಡಗಾಲಿಗೆ ಎಡಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಟಳು. ಶಾಲೆಯ ಪಡಸಾಲೆಯಲ್ಲಿ ಅವಳನ್ನು ಬಿಟ್ಟು, "ಮಧ್ಯಾಹ್ನ ಬರ್ತೀನಿ" ಎಂದೆ. ಒಂದೇ ಮಾತು. ಗೇಟಿನ ಕಡೆ ತಿರುಗಿದೆ. ಅಂಗಳದಲ್ಲಿ ಮಕ್ಕಳ ಅಳು ಮುಗಿಲು ಮುಟ್ಟಿತ್ತು. ಅದರಲ್ಲಿ ಗೌರಿಯದೂ ಇದೆಯೇನೋ ಎಂದು ಕಿವಿ ಹುಡುಕುತ್ತಿತ್ತು. ಗೇಟಿನ ಹೊರಗೆ ಇಪ್ಪತ್ತು ಮೂವತ್ತು ಬೈಕುಗಳು, ಒಂದೊಂದಕ್ಕೂ ಎರಡೆರಡು ಕನ್ನಡಿ. ನಾನು ನನ್ನ ಚಪ್ಪಲಿಯನ್ನೇ ನೋಡುತ್ತ ನಡೆದೆ. ಕಿಸೆಯಲ್ಲಿದ್ದ ಕಾಕನ ಸೀಟಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಗುರುತು ಮೂಡಿತ್ತು.

"ಅತ್ತಳೇನ್ರಿ?" ಎಂದಳು ಹೆಂಡತಿ, ಮನೆಗೆ ಬಂದಕೂಡಲೇ.

"ಗೊತ್ತಿಲ್ಲ. ನಾ ನೋಡ್ಲಿಲ್ಲ."

ಮಧ್ಯಾಹ್ನ ಕರೆತರಲು ಹೋದಾಗ ಗೌರಿ ನನ್ನ ಬೆರಳು ಹಿಡಿದು ಚಿಗವ್ವನ ಕಟ್ಟೆಯ ತನಕ ನಡೆದು ಬಂದಳು. ಅಲ್ಲಿ ನಿಂತು, ಕಟ್ಟೆಯ ಮೇಲೆ ಕುಳಿತು, ಡಬ್ಬಿಯ ಮುಚ್ಚಳವನ್ನು ತಾನೇ ತೆಗೆದಳು.

"ಅಪ್ಪಾ, ನೀ ಹೊಳ್ಳಿ ನೋಡ್ಲಿಲ್ಲ."

"ನಿನಗ ಹ್ಯಾಂಗ ಗೊತ್ತವ್ವಾ?"

"ನಾ ನೋಡ್ತಿದ್ದೆ. ನಿಮ್ಮಪ್ಪ ಗೇಟು ದಾಟೋತನ ನೋಡು ಅಂತ ಅಜ್ಜಿ ಹೇಳಿದ್ಲು. ಅದಕ್ಕ ನನಗ ಅಳಾಕ ಆಗ್ಲಿಲ್ಲ."

ಡಬ್ಬಿಯಲ್ಲಿ ಉಳಿಸಿಟ್ಟಿದ್ದ ಮಂಡಕ್ಕಿಯನ್ನು ಪುಟ್ಟ ಮುಷ್ಟಿಯಲ್ಲಿ ತೆಗೆದು ನನ್ನ ಕೈಗೆ ಹಾಕಿದಳು. ಏಳೋ ಎಂಟೋ ಕಾಳು, ಬೆಲ್ಲ ತಾಗಿ ಮೆತ್ತಗಾಗಿದ್ದವು. ಒಂದನ್ನೂ ಬಿಡದೆ ತಿಂದೆ.