ನಾನೊಬ್ಬನೇ ಬಳಸುತ್ತೇನೆ

ಟ್ರಂಕಿನ ಮೇಲೆ ಹಿಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಸಂಘರತ್ನ. ಕಂಪ್ಯೂಟರನ್ನು ಕೈಕೂಸಿನಂತೆ ಎದೆಗವಚಿಕೊಂಡು ಒಂದೇ ಬೆರಳಿನಲ್ಲಿ ಅಕ್ಷರ ಒತ್ತುತ್ತಿದ್ದ. ಗೋಡೆಯ ಮೇಲಿನ ವೈಫೈ ಪೆಟ್ಟಿಗೆಯಿಂದ ಬಂದ ವೈರು ಬರೀ ಗೇಣುದ್ದ. ಡಬ್ಬಿಯಿಂದ ಕೆಳಗಿಳಿದರೆ ಕಿತ್ತು ಬರುತ್ತಿತ್ತು.

"ಬೀಳ್ತೀಯೋ ಸಂಗೂ! ಇದ್ದ ಪಾಸ್‌ವರ್ಡಿಗಿ ಏನಾಗ್ಯಾದ?" ಕೆಳಗೆ ಡಬ್ಬಿ ಹಿಡಿದಿದ್ದ ಅವ್ವ ದ್ರೌಪತಿ ಕೇಳಿದಳು.

"ಇಡೀ ಓಣಿಗಿ ಬಾಯಿಪಾಠ ಆಗ್ಯಾದ. ಅದೇ ಆಗ್ಯಾದ."

ಬಸವಕಲ್ಯಾಣದ ಕೋಟೆಯ ಹಿಂದಿನ ಆ ಓಣಿಯಲ್ಲಿ ಫೋನಿಗೆ ಸಿಗ್ನಲ್ ಬರುವುದಿಲ್ಲ. ನೆಟ್ಟು ಇರುವುದು ದ್ರೌಪತಿಯ ಮನೆಯಲ್ಲಿ ಮಾತ್ರ. ಅವಳಿಗೆ ಅದು ಹೆಪ್ಪಿದ್ದಂತೆ. "ಒಂದು ಚಮಚ ಹೆಪ್ಪು ಕೊಟ್ರ ನಮ್ಮ ಮನಿ ಮೊಸರು ಕಮ್ಮಿ ಆಗ್ತದೇನು?" ಎನ್ನುತ್ತಾ ಕೇಳಿದವರಿಗೆಲ್ಲ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಸಿ, ಹೆಪ್ಪಿನ ಬಟ್ಟಲಿನ ಕೆಳಗಿಟ್ಟು ಕೊಡುತ್ತಿದ್ದಳು. ಬಟ್ಟಲು ಎಂದೂ ಬರಿದಾಗಿ ಮರಳುತ್ತಿರಲಿಲ್ಲ. ನಿನ್ನೆ ಹಿತ್ತಲ ಮನೆಗೆ ಬಂದ ಹೊಸ ಬಾಡಿಗೆಯವರು ಖುಬಾನಿ ಮೀಠಾ ಎಂಬ ಸಿಹಿ ತುಂಬಿ ಕಳಿಸಿದ್ದರು. ಸಂಘರತ್ನ ಬೆರಳು ನೆಕ್ಕಿ ತಿಂದಿದ್ದ. ಅದು ಯಾತರ ಋಣವೆಂದು ಕೇಳಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಅವನ ಸಂದರ್ಶನವಿತ್ತು. ಹುಮನಾಬಾದದ ಒಂದು ಕಚೇರಿಗೆ, ಧ್ವನಿ ಕೇಳಿ ಅಕ್ಷರಕ್ಕಿಳಿಸುವವರು ಬೇಕಾಗಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಎರಡು ವರ್ಷದಿಂದ ಖಾಲಿ ಕೂತವನಿಗೆ ಅದು ಕನಸಿನೊಳಗಿನ ಕನಸು. ಕಚೇರಿಯ ಷರತ್ತಿಗಾಗಿ ಅರ್ಜಿಯಲ್ಲಿ ಒಂದೇ ಒಂದು ಸುಳ್ಳು ಬರೆದಿದ್ದ: 'ಈ ಇಂಟರ್ನೆಟ್ ಸಂಪರ್ಕವನ್ನು ನಾನೊಬ್ಬನೇ ಬಳಸುತ್ತೇನೆ.' ಈಗ ಡಬ್ಬಿಯ ಮೇಲೆ ನಿಂತು ಆ ಸುಳ್ಳನ್ನೇ ಖರೆ ಮಾಡುತ್ತಿದ್ದ.

ಕೊನೆಯ ಅಕ್ಷರ ಒತ್ತಿದ. ಪೆಟ್ಟಿಗೆಯ ಹಸಿರು ದೀಪಗಳು ಆರಿ, ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ಕೋಟೆಯ ಮೇಲಿಂದ ಕಂಡ ಪುಟ್ಟ ಊರೊಂದು ಮಲಗಿ ಎದ್ದಂತೆ ಅವನಿಗೆ ಕಂಡಿತು.

ಆ ಊರಿನಲ್ಲಿ ಗದ್ದಲ ಶುರುವಾಗಲು ಎರಡು ನಿಮಿಷವೂ ಹಿಡಿಯಲಿಲ್ಲ.

"ದ್ರೌಪತಿ! ನನ್ನ ಕೂಸು ನಿಂತ್ ಬಿಡ್ತು!" ಪಕ್ಕದ ಮನೆಯ ಸುಂದರಬಾಯಿ ತೆರೆದ ಕಂಪ್ಯೂಟರನ್ನು ರೊಟ್ಟಿಯ ಹೆಂಚಿನಂತೆ ಮುಂದೆ ಹಿಡಿದು ಬಂದಳು. ಪರದೆಯಲ್ಲಿ ಲಾತೂರಿನ ಮೊಮ್ಮಗಳ ನಾಮಕರಣದ ತೊಟ್ಟಿಲು, ಅದರ ಮೇಲೆ ಬಾಗಿದ ಸೋದರತ್ತೆ, ಎಲ್ಲರೂ ಕಲ್ಲಾಗಿದ್ದರು. "ಕಿವ್ಯಾಗ ಹೆಸರು ಹೇಳಾಕತ್ತಿದ್ರು. 'ಸ್ನೇ' ಅಂದ್ರು, ಹೋತು! ಸ್ನೇಹಲ್ಲೋ, ಸ್ನೇಹಾನೋ? ನಾ ಕೂಸಿನ ಕುಂಚಗಿ ಟೊಪ್ಪಿಗಿ ಮ್ಯಾಲ ಯಾವ ಹೆಸರು ಹೊಲೀಲಿ?"

ಹಿಂದೆಯೇ ಓಣಿಯ ತುದಿಯ ಝೆರಾಕ್ಸ್ ಅಂಗಡಿಯ ಬಸವಣಪ್ಪ. "ಸಂಗೂ, ಗಿರಾಕಿದು ಫೋಟೋ ಮೂಗಿನ ತನಕ ಇಳದದ. ಬಾಯಿ ಇನ್ನೂ ಬರಬೇಕು. ಅಂವ ನಂಜೋಡಿ ಬರಾಬರ್ ಬಾಯಿ ಮಾಡಾಕತ್ತಾನ!"

"ಲೈನ್ ಕಟ್ ಆಗ್ಯಾದ್ರಿ ಕಾಕಾ," ಎಂದ ಸಂಘರತ್ನ. "ಹುಡಗಿ ಊರ ಹತ್ರ ರಸ್ತೆ ಅಗ್ಯಾಕತ್ತಾರಂತ."

"ಹುಡಗ್ಯಾಗ ನಮ್ಮ ಅಳಿಯಾ ಇದ್ದಾನ, ಕೇಳ್ತೀನಿ ತಡಿ." ಬಸವಣಪ್ಪ ಸಿಗ್ನಲ್ ಸಿಗುವ ಒಂದೇ ಒಂದು ಗೋಡೆ ಹತ್ತಿ ಫೋನ್ ಮಾಡಿದ. ಅಲ್ಲಿಂದಲೇ ಕೂಗಿದ: "ಯಾರೂ ಅಗ್ಯಾಕತ್ತಿಲ್ಲಂತ! ವೈರ್ ಇಲ್ಲೇ ಎಲ್ಲೋ ಹರದದ. ಕೋಲು ತರ್ರಿ, ಹುಡುಕೂಣು!"

ಸಂಘರತ್ನ ಬಾಗಿಲಿಗೆ ಅಗಳಿ ಹಾಕಿ ಕುಳಿತ. ಹೊರಗೆ ಕೋಲು, ಕೂಗು, ಮಾಳಿಗೆಯ ಮೇಲೆ ಬಸವಣಪ್ಪನ ಧಪಧಪ ಹೆಜ್ಜೆ.

ನಾಲ್ಕು ಹೊಡೆಯಿತು. ಪರದೆ ತೊಳೆದ ಕನ್ನಡಿಯಂತಿತ್ತು. ಅದರೊಳಗೆ ಅವನದೇ ಮುಖದ, ಇಸ್ತ್ರಿ ಅಂಗಿಯ ಒಬ್ಬ ಯುವಕ ಕೂತಿದ್ದ. ಅವನಿಗೆ ಆಗಲೇ ನೌಕರಿ ಸಿಕ್ಕಿತ್ತು, ಅವನ ಕಿಟಕಿಯ ಬೆಳಕು ಕೂಡ ಬೇರೆ ಇತ್ತು, ಅವನ ಓಣಿಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಸಂಘರತ್ನ ಅವನನ್ನು ನೋಡುತ್ತಾ ಎಲ್ಲೋ ತೇಲಿಹೋದ. ಎಚ್ಚರಾದಾಗ ನಾಲ್ಕೂ ಹದಿನೈದು. ಪರದೆಯ ಮೂಲೆಯಲ್ಲಿ ಒಂದೇ ಸಾಲು: 'ಸಂದರ್ಶಕರು ಸಂಪರ್ಕ ಕಳೆದುಕೊಂಡಿದ್ದಾರೆ.'

ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ದ್ರೌಪತಿ ತೆರೆದಳು. ಕೊರಳಲ್ಲಿ ಇಯರ್‌ಫೋನ್, ಕಂಕುಳಲ್ಲಿ ಕಂಪ್ಯೂಟರ್. ಖುಬಾನಿ ಮೀಠಾದ ಹೊಸ ಬಾಡಿಗೆಯವಳು, ಮೆಹರೀನ್.

"ಅಮ್ಮಾ, ಪಾಸ್‌ವರ್ಡ್ ಬದಲಾಗ್ಯಾದೇನ್ರಿ? ನಾ ಹುಮನಾಬಾದ ಆಫೀಸಿನ ಕೆಲಸ ಮನ್ಯಾಗಿಂದ ಮಾಡ್ತೀನಲ್ಲ, ನಾಕಕ್ಕ ಒಬ್ರ ಇಂಟರ್ವ್ಯೂ ತೊಗೊಳ್ಳೂದಿತ್ತು. ಹತ್ತು ನಿಮಿಷ ಮೊದಲ ಎಲ್ಲಾ ಬಂದ್ ಆತು, ತಾನೇ ಬರ್ತದಂತ ಕಾದ್ನಿ. ಪಾಪ, ಆ ಹುಡುಗ ಕಾಯಾಕತ್ತಿರಬೇಕು."

ಅವಳು ಒಳಗೆ ನೋಡಿದಳು. ಇಸ್ತ್ರಿ ಅಂಗಿ ನೋಡಿದಳು. ತನ್ನ ಪರದೆಯ ಮೇಲಿನ ಫೋಟೋ ನೋಡಿದಳು.

"ಸಂಘರತ್ನ?"

"ಹೌದ್ರಿ ಮೇಡಂ."

"ಅರ್ಜ್ಯಾಗ ಬಸವಕಲ್ಯಾಣ ಅಂತಿತ್ತು. ನಮ್ಮ ಹಿತ್ತಲ ಗೋಡಿ ಅಂತ ಇರಲಿಲ್ಲ." ಅವಳು ಪರದೆ ಸರಿಸಿ ಓದಿದಳು. "ನಾನೊಬ್ಬನೇ ಬಳಸುತ್ತೇನೆ."

ಮಾಳಿಗೆಯ ಬೆಳಕಿಂಡಿಯಿಂದ ಬಸವಣಪ್ಪನ ತಲೆ ಇಳಿಬಿತ್ತು. "ಮೇಡಂ, ನಿಮ್ದೂ ಹೋಗ್ಯಾದೇನ್ರಿ? ನಮ್ಮೆಲ್ಲಾರದೂ ಹೋಗ್ಯಾದ!"

ಸಂಘರತ್ನ ಒಂದು ಚೀಟಿ ಹರಿದು ಹೊಸ ಪಾಸ್‌ವರ್ಡ್ ಬರೆದ. ಎರಡೂ ಕೈಯಲ್ಲಿ ಹಿಡಿದು ಚಾಚಿದ. "ಈಗ ಖರೇನ ನಾ ಒಬ್ಬಾವನೇ ಇದ್ದೀನ್ರಿ ಮೇಡಂ. ಅರ್ಧ ತಾಸು ಆತು. ಇದ ತೊಗೊಂಡು ಜಲ್ದಿ ಇಂಟರ್ವ್ಯೂ ಮಾಡ್ರಿ."

"ನಾ ತೊಗೊಂಡ್ರ ನೀವು ಒಬ್ರೇ ಹ್ಯಾಂಗ ಆಗ್ತೀರಿ?"

ಅವನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು, ಲಾತೂರಿನ ಸೋದರತ್ತೆಯಂತೆ. ದ್ರೌಪತಿಗೆ ತಡೆಯಲಾಗಲಿಲ್ಲ. ಚೀಟಿ ಕಸಿದುಕೊಂಡು, ಹೆಪ್ಪಿನ ಬಟ್ಟಲಿನ ಕೆಳಗಿಟ್ಟು, ಬಟ್ಟಲನ್ನೇ ಮುಂದೆ ಹಿಡಿದಳು.

"ಹೆಪ್ಪಿಗಿ ಒಲ್ಲೆ ಅನ್ನಬಾರದವ್ವ. ತೊಗೊ."

"ಬ್ಯಾಡ್ರಿ," ಎಂದಳು ಮೆಹರೀನ್. "ಇದ ತೊಗೊಂಡ್ರ ಇವರ ಅರ್ಜಿ ಮತ್ತ ಸುಳ್ಳಾಗ್ತದ."